ಲೆಕ್ಕಕ್ಕುಂಟು, ಆಟಕ್ಕಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾಪುಟದ ಮೂಲೆಯಲ್ಲಿ ಬಂದಿದ್ದ ಕಿರುಬರಹವೊಂದು ಇಂಗ್ಲೆಂಡಿನ ಫುಟ್‌ಬಾಲ್ ಗೋಲ್‌ಕೀಪರ್ ಸ್ಕಾಟ್ ಕಾರ್ಸನ್ ಅವರನ್ನು ‘ಕೂತು ಉಂಡ ಅದೃಷ್ಟವಂತ’ ಎಂದು ಬಣ್ಣಿಸಿತ್ತು. ಮ್ಯಾಂಚೆಸ್ಟರ್ ಸಿಟಿ ತಂಡದಲ್ಲಿ 2019ರಿಂದ 2025ರವರೆಗೆ ಇದ್ದು, ಆ ಅವಧಿಯಲ್ಲಿ ಎರಡೇ ಎರಡು ಪಂದ್ಯಗಳಲ್ಲಿ ಮೈದಾನಕ್ಕಿಳಿದು, ತಂಡ ಗೆದ್ದ ಕಪ್ಪುಗಳ ಪಕ್ಕದಲ್ಲೆಲ್ಲ ನಿಂತು ಫೋಟೊ ತೆಗೆಸಿಕೊಂಡವರು ಎಂಬುದು ಬರಹದ ಸಾರಾಂಶ. ಲೆಕ್ಕದಲ್ಲಿ ತಪ್ಪಿಲ್ಲ. ತಮಾಷೆಗೆ ಬರೆದದ್ದು ಎಂಬುದೂ ತಿಳಿಯುತ್ತದೆ. ಆದರೂ ಪುಟ ಮಡಿಚಿಟ್ಟು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಏಕೆಂದರೆ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ತಂಡದಲ್ಲಿ ಏಳು ವರ್ಷ ನಾನೂ ಎರಡನೇ ಗೋಲ್‌ಕೀಪರ್ ಆಗಿದ್ದವನು, ಆ ಏಳು ವರ್ಷಗಳಲ್ಲಿ ಕೂತು ಉಂಡ ನೆನಪು ನನಗಿಲ್ಲ.

ಚಿಕ್ಕವರಿದ್ದಾಗ ಬೀದಿಯ ಆಟಕ್ಕೆ ಇನ್ನೂ ಚಿಕ್ಕವರನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದೆವು. ಮೀಸಲು ಗೋಲ್‌ಕೀಪರನ ಪಾಡು ಇದಕ್ಕೆ ತಿರುಗುಮುರುಗು: ಅವನು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಇಂಗ್ಲೆಂಡಿನಲ್ಲಂತೂ ಇದು ಬರೀ ಮಾತಲ್ಲ, ಕಾಗದದ ಮೇಲಿನ ಲೆಕ್ಕವೇ. 2010–11ರ ಋತುವಿನಿಂದ ಅಲ್ಲಿನ ಅಗ್ರ ಲೀಗಾದ ಪ್ರೀಮಿಯರ್ ಲೀಗ್ ತಂಡಗಳು ಹೆಚ್ಚೆಂದರೆ 25 ಜನರ ಪಟ್ಟಿ ಸಲ್ಲಿಸಬೇಕು. ಅದರಲ್ಲಿ 17ಕ್ಕಿಂತ ಹೆಚ್ಚು ಮಂದಿ ಹೊರಗೆ ಬೆಳೆದವರಿರುವಂತಿಲ್ಲ, ಅಂದರೆ ಉಳಿದವರು ಇಪ್ಪತ್ತೊಂದು ತುಂಬುವ ಮೊದಲು ಮೂರು ವರ್ಷವಾದರೂ ಇಂಗ್ಲೆಂಡ್ ಅಥವಾ ವೇಲ್ಸ್‌ನ ಕ್ಲಬ್ಬುಗಳಲ್ಲಿ ಪಳಗಿದವರಾಗಿರಬೇಕು. ಜಗತ್ತಿನ ಮೂಲೆಮೂಲೆಗಳಿಂದ ಆಟಗಾರರನ್ನು ಕೊಳ್ಳುವ ಸಿರಿವಂತ ಕ್ಲಬ್ಬಿಗೆ ಈ ಸ್ಥಾನಗಳನ್ನು ತುಂಬುವುದೇ ತಲೆನೋವು. ಹಾಗಾಗಿ ಮೂವತ್ತು ದಾಟಿದ, ಮೈದಾನದ ಬಿಸಿ ಕಂಡ ಇಂಗ್ಲಿಷ್ ಗೋಲ್‌ಕೀಪರನನ್ನು ಮೂರನೆಯವನಾಗಿ ಇಟ್ಟುಕೊಳ್ಳುವುದು ಅವರಿಗೆ ಎರಡು ಬಗೆಯಲ್ಲಿ ಅನುಕೂಲ. ಅದೃಷ್ಟ ಎಂದು ನಿಮ್ಮ ಬರಹಗಾರರು ಕರೆದದ್ದರಲ್ಲಿ ಇಷ್ಟು ಪಾಲು ಕಾನೂನಿನದು.

ಇನ್ನು ಕಾರ್ಸನ್ ಅವರ ವಿಷಯ. 2005ರ ಜನವರಿಯಲ್ಲಿ ಲೀಡ್ಸ್ ಯುನೈಟೆಡ್‌ನಿಂದ ಲಿವರ್‌ಪೂಲ್ ಸೇರಿದಾಗ ಅವರಿಗೆ ಇನ್ನೂ ಹತ್ತೊಂಬತ್ತು. ಅದೇ ವರ್ಷದ ಮೇ 25ರಂದು ಇಸ್ತಾಂಬುಲಿನ ಅತಾತುರ್ಕ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ತಂಡ ಮಿಲಾನ್ ಎದುರು ಅರ್ಧ ವಿರಾಮಕ್ಕೆ 0–3ರಿಂದ ಹಿಂದಿದ್ದು, ಆಮೇಲೆ ಸಮ ಮಾಡಿಕೊಂಡು, ಪೆನಾಲ್ಟಿಗಳಲ್ಲಿ ಯುರೋಪಿನ ಕ್ಲಬ್ಬುಗಳ ಅತಿದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗ್ ಗೆದ್ದದ್ದನ್ನು ಫುಟ್‌ಬಾಲ್ ಪ್ರಿಯರು ಯಾರೂ ಮರೆತಿಲ್ಲ. ಆ ಇರುಳು ಲಿವರ್‌ಪೂಲ್ ಬೆಂಚಿನಲ್ಲಿ ಕಾರ್ಸನ್ ಇದ್ದರು. ಹದಿನೆಂಟು ವರ್ಷಗಳ ನಂತರ, 2023ರ ಜೂನ್ 10ರಂದು, ಅದೇ ಇಸ್ತಾಂಬುಲಿನ ಅದೇ ಕ್ರೀಡಾಂಗಣದಲ್ಲಿ ಮ್ಯಾಂಚೆಸ್ಟರ್ ಸಿಟಿ ಇಂಟರ್ ತಂಡವನ್ನು 1–0ರಿಂದ ಸೋಲಿಸಿ ಅದೇ ಕಪ್ಪನ್ನು ಎತ್ತಿದಾಗಲೂ ಅವರು ಬೆಂಚಿನಲ್ಲೇ ಇದ್ದರು. ಒಬ್ಬ ಮನುಷ್ಯನ ವೃತ್ತಿಜೀವನದ ಎರಡು ತುದಿಗಳು ಒಂದೇ ಮೈದಾನದ ಎರಡು ಬೆಂಚುಗಳಿಗೆ ಕಟ್ಟಿಕೊಂಡಿರುವುದನ್ನು ಕಂಡು ನಗು ಬಂದರೆ ತಪ್ಪೇನಿಲ್ಲ, ನನಗೂ ಬಂತು. ಆದರೆ ನಡುವಿನ ಹದಿನೆಂಟು ವರ್ಷಗಳನ್ನು ನಿಮ್ಮ ಬರಹ ನುಂಗಿಬಿಟ್ಟಿತು. ಚಾರ್ಲ್‌ಟನ್, ಆ್ಯಸ್ಟನ್ ವಿಲ್ಲಾ, ವೆಸ್ಟ್ ಬ್ರಾಮ್, ತುರ್ಕಿಯ ಬುರ್ಸಾಸ್ಪೋರ್, ವಿಗನ್, ಡಾರ್ಬಿ ಎಂದು ಊರೂರು ತಿರುಗಿ ನೂರಾರು ಪಂದ್ಯಗಳಲ್ಲಿ ಗೋಲು ಕಾದವರು ಅವರು. ಬೆಂಚು ಅವರ ಬಾಳಿನ ಮೊದಲ ಮತ್ತು ಕೊನೆಯ ಅಧ್ಯಾಯಗಳಷ್ಟೇ.

ಆ ನಡುವಿನಲ್ಲೇ 2007ರ ನವೆಂಬರ್ 21 ಇದೆ. ಯುರೋಪಿನ ದೇಶಗಳ ಟೂರ್ನಿಯಾದ ಯೂರೊ 2008ರ ಅರ್ಹತೆಗಾಗಿ ವೆಂಬ್ಲಿಯಲ್ಲಿ ಇಂಗ್ಲೆಂಡ್–ಕ್ರೊಯೇಷ್ಯಾ ಪಂದ್ಯ. ಮಳೆ, ಹಾಳಾದ ಮೈದಾನ. ತರಬೇತುದಾರ ಸ್ಟೀವ್ ಮೆಕ್ಲಾರೆನ್ ಅನುಭವಿ ಪಾಲ್ ರಾಬಿನ್‌ಸನ್ ಅವರನ್ನು ಕೂರಿಸಿ ಇಪ್ಪತ್ತೆರಡರ ಕಾರ್ಸನ್‌ಗೆ ಗ್ಲೌಸ್ ತೊಡಿಸಿದರು. ಎಂಟನೇ ನಿಮಿಷದಲ್ಲಿ ನಿಕೊ ಕ್ರಾಂಚಾರ್ ದೂರದಿಂದ ಒದ್ದ ಚೆಂಡು ಮುಂದೆ ಪುಟಿದು, ಕಾರ್ಸನ್ ಅವರ ಕೈಗೆ ತಗುಲಿ ಜಾರಿ ಬಲೆಗೆ ಹೋಯಿತು. ಇಂಗ್ಲೆಂಡ್ 2–3ರಿಂದ ಸೋತು ಟೂರ್ನಿಯಿಂದ ಹೊರಬಿತ್ತು, ಮರುದಿನ ಮೆಕ್ಲಾರೆನ್ ಕೆಲಸವೂ ಹೋಯಿತು. ಮುಂದೆ ಎಷ್ಟು ಚೆಂಡು ಹಿಡಿದರೂ ಪತ್ರಿಕೆಗಳು ಕಾರ್ಸನ್ ಹೆಸರಿನ ಮುಂದೆ ಬರೆದದ್ದು ಆ ಒಂದು ಚೆಂಡನ್ನೇ. ಅಂಥವರನ್ನು ಮೂವತ್ತೈದು ದಾಟಿದ ಮೇಲೂ ಸಿಟಿಯಲ್ಲಿ ಪೆಪ್ ಗ್ವಾರ್ಡಿಯೋಲಾ ಅಂಥ ಕಟ್ಟುನಿಟ್ಟಿನ ತರಬೇತುದಾರ ವರ್ಷದಿಂದ ವರ್ಷಕ್ಕೆ ಉಳಿಸಿಕೊಂಡರೆಂದರೆ, ಅಭ್ಯಾಸದ ಮೈದಾನದಲ್ಲಿ ನಮ್ಮ ಕಣ್ಣಿಗೆ ಬೀಳದ ಏನೋ ನಡೆಯುತ್ತಿತ್ತು ಎಂದು ನಿಮ್ಮ ಬರಹಗಾರರಿಗೆ ಅನುಮಾನವಾದರೂ ಬರಬೇಕಿತ್ತು.

ಕನ್ನಡದಲ್ಲಿ ‘ಕಾಯುವುದು’ ಎಂದರೆ ಕಾವಲಿರುವುದೂ ಹೌದು, ಎದುರುನೋಡುವುದೂ ಹೌದು. ಮೊದಲನೇ ಗೋಲ್‌ಕೀಪರ್ ಒಂದು ಅರ್ಥದಲ್ಲಿ ಕಾಯುತ್ತಾನೆ, ಎರಡನೆಯವನು ಎರಡೂ ಅರ್ಥದಲ್ಲಿ. ಗೋಲ್‌ಕೀಪರುಗಳ ಅಭ್ಯಾಸ ಉಳಿದವರ ಜೊತೆ ನಡೆಯುವುದು ಕಡಿಮೆ. ಮೂವರೋ ನಾಲ್ವರೋ ತಮ್ಮದೇ ಕೋಚ್ ಜೊತೆ ಒಂದು ಮೂಲೆಯಲ್ಲಿ ದಿನವಿಡೀ ಒಬ್ಬರಿಗೊಬ್ಬರು ಒದೆಯುತ್ತ, ಬೀಳುತ್ತ, ಏಳುತ್ತ ಇರುತ್ತಾರೆ. ಆ ಗುಂಪಿನಲ್ಲಿ ಎರಡನೆಯವನೂ ಮೂರನೆಯವನೂ ಚೆನ್ನಾಗಿಲ್ಲದಿದ್ದರೆ ಮೊದಲನೆಯವನ ಕೈ ಮೊಂಡಾಗುತ್ತದೆ. ಮೊದಲನೆಯವನು ದಣಿವಾರಿಸಿಕೊಳ್ಳುವಾಗ ಫಾರ್ವರ್ಡ್‌ಗಳು ಗುರಿ ಸಾಧಿಸಲು ಸಾಲಾಗಿ ಒದೆಯುವ ನೂರು ಚೆಂಡುಗಳಿಗೆ ಮೈಯೊಡ್ಡುವವನು ಯಾರು? ಪಂದ್ಯದ ದಿನ ಮೊದಲನೆಯವನ ಮೈ ಬೆಚ್ಚಗಾಗಲೆಂದು ಅಳೆದು ಅಳೆದು ಕ್ರಾಸ್ ಕೊಡುವವನು ಯಾರು? ಇವು ಯಾವ ಅಂಕಿಪಟ್ಟಿಗೂ ಸೇರುವುದಿಲ್ಲ.

ನನ್ನದೇ ಹೇಳುವುದಾದರೆ, ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರಿದ ನಮಗೆ ಬೆಳಿಗ್ಗೆ ಅಭ್ಯಾಸ, ಊಟದ ಮೇಲೆ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಡ್ಯೂಟಿ. ಮೊದಲನೇ ಗೋಲ್‌ಕೀಪರನ್ನು ನಾವೆಲ್ಲ ‘ಅಣ್ಣ’ ಎನ್ನುತ್ತಿದ್ದೆವು. ಅಣ್ಣನಿಗೆ ಎಡಗಡೆ ಕೆಳಗೆ ಬರುವ ಚೆಂಡೆಂದರೆ ಸ್ವಲ್ಪ ಅಂಜಿಕೆ. ಅದು ಗೊತ್ತಿದ್ದವನು ತಂಡದಲ್ಲಿ ನಾನೊಬ್ಬನೇ, ಯಾಕೆಂದರೆ ದಿನಾ ಅವನಿಗೆ ಚೆಂಡು ಒದೆಯುತ್ತಿದ್ದವನು ನಾನು. ಲೀಗ್ ಪಂದ್ಯದ ಹಿಂದಿನ ದಿನ ಉಳಿದವರೆಲ್ಲ ಬನ್ನು, ಚಹಾ ಮುಗಿಸಿ ಹೊರಟ ಮೇಲೂ ನಾವಿಬ್ಬರೇ ನಿಂತು ಎಡಗಡೆಗೆ ಐವತ್ತು, ಮತ್ತೆ ಎಡಗಡೆಗೆ ಐವತ್ತು. ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾದದ್ದು ಇವತ್ತಿಗೂ ಸರಿಹೋಗಿಲ್ಲ. ಅಣ್ಣನ ಜಾಗ ನನಗೆ ಬೇಕಿತ್ತೇ ಎಂದರೆ, ಖಂಡಿತ ಬೇಕಿತ್ತು. ಅವನಿಗೆ ಜ್ವರ ಬಂದರೆ ಸಾಕಪ್ಪ ಎಂದುಕೊಂಡು ಮಲಗಿ, ಬೆಳಿಗ್ಗೆ ಎದ್ದು ಅವನನ್ನೇ ಪಂದ್ಯಕ್ಕೆ ಸಿದ್ಧಗೊಳಿಸಲು ಹೋಗುತ್ತಿದ್ದೆ. ಈ ಎರಡನ್ನೂ ಒಂದೇ ಎದೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಬಾಳುವುದು ಈ ಕೆಲಸದ ನಿಜವಾದ ಕಷ್ಟ. ಲೇತ್ ಮೆಷಿನ್ ಮೇಲಿದ್ದ ಹಿರಿಯರೊಬ್ಬರು ಪ್ರತಿ ಸೋಮವಾರ ತಪ್ಪದೆ ಕೇಳುತ್ತಿದ್ದರು: “ಏನಪ್ಪಾ, ನಿನ್ನೆನೂ ಬೆಂಚ್ ಬೆಚ್ಚಗೆ ಮಾಡ್ಕೊಂಡ್ ಬಂದ್ಯಾ?”

ಇಂಗ್ಲೆಂಡಿನಲ್ಲೂ ಈ ಕಸುಬು ಹುಟ್ಟಿದ್ದು ತೀರಾ ಈಚೆಗೆ. 1956ರ ಎಫ್.ಎ. ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಬರ್ಟ್ ಟ್ರಾಟ್‌ಮನ್ ಕತ್ತಿನ ಮೂಳೆ ಮುರಿದಿದ್ದರೂ ಕೊನೆಯವರೆಗೆ ಗೋಲಿನಲ್ಲಿ ನಿಂತದ್ದನ್ನು ಶೌರ್ಯವೆಂದು ಕೊಂಡಾಡುತ್ತೇವೆ; ಬದಲಿ ಆಟಗಾರರಿಗೆ ಅವಕಾಶವೇ ಇರಲಿಲ್ಲ ಎಂಬುದನ್ನು ಮರೆಯುತ್ತೇವೆ. ಇಂಗ್ಲಿಷ್ ಲೀಗಿನಲ್ಲಿ ಬದಲಿ ಆಟಗಾರ ಬಂದದ್ದು 1965–66ರಲ್ಲಿ, ಅದೂ ಒಬ್ಬನೇ ಒಬ್ಬ. ಇರುವ ಒಂದೇ ಸ್ಥಾನವನ್ನು ಗೋಲ್‌ಕೀಪರನಿಗೆ ಯಾರು ಕೊಡುತ್ತಾರೆ? ಗೋಲ್‌ಕೀಪರನಿಗೆ ಪೆಟ್ಟಾದರೆ ಯಾರೋ ಡಿಫೆಂಡರ್ ಸ್ವೆಟರ್ ಹಾಕಿಕೊಂಡು ನಿಲ್ಲುತ್ತಿದ್ದ. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾದಾಗ ಬೆಂಚಿನಲ್ಲಿ ಗೋಲ್‌ಕೀಪರನಿಗೆಂದೇ ಒಂದು ಜಾಗ ಮಾಡಿಕೊಟ್ಟ ಮೇಲೆ ಎರಡನೆಯವನಿಗೆ ಕೂರಲು ಒಂದು ಸ್ಥಳವೂ ಆ ಕೂರುವಿಕೆಗೆ ಒಂದು ಹೆಸರೂ ದೊರೆತವು.

ಆ ಜಾಗ ಏಕೆ ಬೇಕು ಎಂಬುದಕ್ಕೆ 2006ರ ಅಕ್ಟೋಬರ್ 14ರ ರೆಡಿಂಗ್–ಚೆಲ್ಸೀ ಪಂದ್ಯವನ್ನು ನೋಡಬೇಕು. ಪಂದ್ಯ ಶುರುವಾಗಿ ನಿಮಿಷ ಕಳೆಯುವಷ್ಟರಲ್ಲಿ ಎದುರಾಳಿಯ ಮೊಣಕಾಲು ತಗುಲಿ ಚೆಲ್ಸೀಯ ಪೀಟರ್ ಚೆಕ್ ಅವರ ತಲೆಬುರುಡೆ ಬಿರುಕುಬಿಟ್ಟಿತು. ಎರಡನೇ ಗೋಲ್‌ಕೀಪರ್ ಕಾರ್ಲೊ ಕುಡಿಚಿನಿ ಒಳಬಂದರು. ಪಂದ್ಯ ಮುಗಿಯುವ ಹೊತ್ತಿಗೆ ಅವರೂ ಡಿಕ್ಕಿಯಲ್ಲಿ ಪ್ರಜ್ಞೆ ತಪ್ಪಿ ಸ್ಟ್ರೆಚರ್ ಮೇಲೆ ಹೋದರು. ಉಳಿದ ಕೆಲವು ನಿಮಿಷ ನಾಯಕ ಜಾನ್ ಟೆರಿ ಗ್ಲೌಸ್ ತೊಟ್ಟು ನಿಂತರು. ಚೆಲ್ಸೀ 1–0ರಿಂದ ಗೆದ್ದಿತು, ಆದರೆ ನಾಲ್ಕೇ ದಿನಗಳಲ್ಲಿ ಯುರೋಪಿನ ಚಾಂಪಿಯನ್ ಬಾರ್ಸಿಲೋನಾ ಎದುರಿಗಿತ್ತು. ಆಗ ಗೋಲಿನಲ್ಲಿ ನಿಂತವರು ಆ ಬೇಸಿಗೆಯಲ್ಲಷ್ಟೇ ಪೋರ್ಚುಗಲ್‌ನಿಂದ ಬಂದಿದ್ದ ಮೂರನೇ ಗೋಲ್‌ಕೀಪರ್ ಹಿಲಾರಿಯೊ. ಚೆಲ್ಸೀ ಪರ ಅದೇ ಅವರ ಮೊದಲ ಪಂದ್ಯ. ಎದುರಿಗಿದ್ದವರು ರೊನಾಲ್ಡಿನೊ, ಮೆಸ್ಸಿ. ಫಲಿತಾಂಶ 1–0, ಬಾರ್ಸಿಲೋನಾಗೆ ಒಂದೂ ಗೋಲಿಲ್ಲ. ಅಕ್ಟೋಬರ್ 13ರಂದು ಯಾರಾದರೂ ಕೇಳಿದ್ದರೆ ಹಿಲಾರಿಯೊ ಕೂಡ ಕೂತು ಉಣ್ಣುವವರೇ ಆಗಿದ್ದರು.

ಇಂಥದ್ದು ನಡೆಯುವುದು ಅಪರೂಪ, ಒಪ್ಪುತ್ತೇನೆ. ನಡೆಯದೆ ಹೋದ ಬಾಳುಗಳೇ ಹೆಚ್ಚು. ರಿಚರ್ಡ್ ರೈಟ್ ಎಂಬ ಗೋಲ್‌ಕೀಪರ್ ಇಪ್ಸ್‌ವಿಚ್, ಆರ್ಸೆನಲ್, ಎವರ್ಟನ್‌ಗಳಲ್ಲಿ ಆಡಿ, ಇಂಗ್ಲೆಂಡ್ ಅಂಗಿಯನ್ನೂ ತೊಟ್ಟು, 2012ರಿಂದ 2016ರವರೆಗೆ ಮ್ಯಾಂಚೆಸ್ಟರ್ ಸಿಟಿಯಲ್ಲಿದ್ದರು. ಆ ನಾಲ್ಕು ವರ್ಷಗಳಲ್ಲಿ ಅವರು ಆಡಿದ ಪಂದ್ಯಗಳ ಸಂಖ್ಯೆ ಸೊನ್ನೆ. ನ್ಯೂಕ್ಯಾಸಲ್‌ನ ಸ್ಟೀವ್ ಹಾರ್ಪರ್ 1993ರಿಂದ 2013ರವರೆಗೆ ಇಪ್ಪತ್ತು ವರ್ಷ ಒಂದೇ ಕ್ಲಬ್ಬಿನಲ್ಲಿ ಕಳೆದರು, ಅದರಲ್ಲಿ ಬಹುಕಾಲ ಶೇ ಗಿವನ್ ಅವರ ಹಿಂದೆ. ಊರಿನವರಿಗೆ ಹಾರ್ಪರ್ ಮೇಲಿದ್ದ ಅಕ್ಕರೆಯನ್ನು ಬಲ್ಲವರು ಅವರನ್ನು ಸೋತವರೆಂದು ಕರೆಯಲಾರರು.

ಇಂಗ್ಲೆಂಡಿನ ಲೀಗ್ ಕಪ್ ಪಂದ್ಯಗಳನ್ನು ಎರಡನೆಯವನಿಗೆ ಬಿಟ್ಟುಕೊಡುವ ಒಂದು ಅಲಿಖಿತ ಪದ್ಧತಿಯೂ ಇದೆ, ಹಬ್ಬಕ್ಕೊಂದು ಹೊಸ ಬಟ್ಟೆಯ ಹಾಗೆ. 2016ರ ಫೈನಲ್‌ಗೆ ಮ್ಯಾಂಚೆಸ್ಟರ್ ಸಿಟಿಯ ಮ್ಯಾನುಯೆಲ್ ಪೆಲೆಗ್ರಿನಿ ಕೊಟ್ಟ ಮಾತಿನಂತೆ ಜೋ ಹಾರ್ಟ್ ಅವರನ್ನು ಕೂರಿಸಿ ವಿಲ್ಲಿ ಕಬಯೇರೊ ಅವರನ್ನು ಆಡಿಸಿದಾಗ ಅಭಿಮಾನಿಗಳು ಗೊಣಗಿದರು; ಪಂದ್ಯ ಸಮವಾಗಿ ಪೆನಾಲ್ಟಿ ಶೂಟೌಟ್‌ಗೆ ಹೋದಾಗ ಕಬಯೇರೊ ಲಿವರ್‌ಪೂಲ್‌ನ ಮೂರು ಪೆನಾಲ್ಟಿ ತಡೆದರು. 2022ರ ಫೈನಲ್ ಇನ್ನೂ ವಿಚಿತ್ರ. ಚೆಲ್ಸೀ ತನ್ನ ಮೊದಲನೇ ಗೋಲ್‌ಕೀಪರನ್ನು ಕೊನೆಯ ಗಳಿಗೆಯಲ್ಲಿ ಹೊರಗೆ ಕರೆದು ಶೂಟೌಟ್‌ಗೆಂದೇ ಎರಡನೆಯವರಾದ ಕೆಪಾ ಅವರನ್ನು ಇಳಿಸಿತು. ಲಿವರ್‌ಪೂಲ್ ಗೋಲಿನಲ್ಲಿದ್ದವರೂ ಎರಡನೆಯವರೇ, ಐರ್ಲೆಂಡಿನ ಕ್ವೀವೀನ್ ಕೆಲ್ಲೆಹರ್. ಹತ್ತು ಸುತ್ತು ಕಳೆದರೂ ಯಾರೂ ತಪ್ಪದೆ, ಹನ್ನೊಂದನೆಯ ಸರದಿ ಗೋಲ್‌ಕೀಪರುಗಳಿಗೇ ಬಂತು. ಕೆಲ್ಲೆಹರ್ ಒದ್ದದ್ದು ಬಲೆಗೆ, ಕೆಪಾ ಒದ್ದದ್ದು ಕಂಬದ ಮೇಲಿಂದ ಆಕಾಶಕ್ಕೆ. 11–10. ಇಬ್ಬರೂ ಬೆಂಚಿನವರೇ, ಒಬ್ಬರು ಮೆರವಣಿಗೆಗೆ ಹೋದರು, ಇನ್ನೊಬ್ಬರು ನಗೆಪಾಟಲಾದರು. ಬೆಂಚಿನ ಗೋಲ್‌ಕೀಪರನನ್ನು ಪತ್ರಿಕೆಗಳು ನೆನೆಯುವುದೂ ನಗುವುದಕ್ಕೇ ಹೆಚ್ಚು: 2017ರಲ್ಲಿ ಆರ್ಸೆನಲ್ ಎದುರಿನ ಕಪ್ ಪಂದ್ಯದಲ್ಲಿ ಸಟನ್ ಯುನೈಟೆಡ್‌ನ ಮೀಸಲು ಗೋಲ್‌ಕೀಪರ್ ಕ್ಯಾಮೆರಾ ಮುಂದೆ ಪೈ ಎಂಬ ತಿಂಡಿ ತಿಂದು, ಅದರ ಮೇಲೆ ಬಾಜಿ ಕಟ್ಟಿಸಿದ್ದ ಗದ್ದಲದಲ್ಲಿ ಕೆಲಸ ಕಳೆದುಕೊಂಡ ಸುದ್ದಿ ಬೆಂಗಳೂರಿನವರೆಗೂ ಬಂದಿತ್ತು.

ಹೀಗೆಂದು ಬೆಂಚನ್ನು ನಾನು ಎಲ್ಲರಿಗೂ ಶಿಫಾರಸು ಮಾಡುತ್ತಿಲ್ಲ. ಇಪ್ಪತ್ತರ ಹುಡುಗನಿಗೆ ಅದು ಮೆಲ್ಲಗೆ ಏರುವ ವಿಷ. ಅರ್ಜೆಂಟೀನಾದ ಎಮಿಲಿಯಾನೊ ಮಾರ್ಟಿನೆಜ್ 2010ರಲ್ಲಿ ಆರ್ಸೆನಲ್ ಸೇರಿ, ಆಕ್ಸ್‌ಫರ್ಡ್, ರಾದರಂ, ರೆಡಿಂಗ್ ಎಂದು ಎರವಲಾಗಿ ಅಲೆದು, ಹತ್ತು ವರ್ಷ ಕಳೆದ ಮೇಲೆ, 2020ರ ಜೂನ್‌ನಲ್ಲಿ ಬ್ರೈಟನ್ ಮೈದಾನದಲ್ಲಿ ಮೊದಲನೇ ಗೋಲ್‌ಕೀಪರ್ ಬರ್ಂಡ್ ಲೆನೊ ಅವರ ಮೊಣಕಾಲಿಗೆ ಪೆಟ್ಟಾದದ್ದರಿಂದ ಗೋಲಿಗೆ ಬಂದರು. ಅದೇ ಆಗಸ್ಟ್‌ನಲ್ಲಿ ಎಫ್.ಎ. ಕಪ್, ಎರಡು ವರ್ಷಕ್ಕೆ ವಿಶ್ವಕಪ್. ಇದನ್ನು ತಾಳ್ಮೆಗೆ ಸಂದ ಫಲವೆಂದು ಕಥೆ ಹೇಳುವವರಿದ್ದಾರೆ. ನನಗೇನೋ ಹಾಗನ್ನಿಸುವುದಿಲ್ಲ. ಲೆನೊ ಅವರ ಮೊಣಕಾಲು ಗಟ್ಟಿಯಾಗಿದ್ದಿದ್ದರೆ ಅದೇ ತಾಳ್ಮೆ, ಅದೇ ಕೈ ಇದ್ದೂ ಮಾರ್ಟಿನೆಜ್ ಯಾರೆಂದು ನಮಗೆ ತಿಳಿಯುತ್ತಿರಲಿಲ್ಲ. ಕಾರ್ಸನ್ ಅವರದು ಬೇರೆ ಮಾತು. ಆಡಿ ದಣಿದು, ತನ್ನ ಎತ್ತರ ಇಷ್ಟು ಎಂದು ಅರಿತು, ಹತ್ತಾರು ವರ್ಷ ಕಲಿತದ್ದನ್ನು ಇನ್ನೊಬ್ಬನ ಕೈಗೆ ಹರಿಸಲು ಒಪ್ಪಿಕೊಂಡವರು ಅವರು. ಈ ಎರಡು ಬಗೆಯ ಬೆಂಚನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕಾರ್ಸನ್ ಆ ಎರಡು ಪಂದ್ಯಗಳಲ್ಲಿ ಏನು ಮಾಡಿದರು ಎಂಬುದನ್ನೂ ನಿಮ್ಮ ಬರಹ ಹೇಳಬಹುದಿತ್ತು. 2021ರ ಮೇ 14ರಂದು ನ್ಯೂಕ್ಯಾಸಲ್‌ನಲ್ಲಿ, ಪ್ರೀಮಿಯರ್ ಲೀಗಿನಲ್ಲಿ ಹತ್ತು ವರ್ಷಗಳ ಬಳಿಕ ಆಡಿದ ಮೊದಲ ಪಂದ್ಯದಲ್ಲಿ, ಜೋ ವಿಲಾಕ್ ಒದ್ದ ಪೆನಾಲ್ಟಿಯನ್ನು ಅವರು ತಡೆದರು. ಚೆಂಡು ಮರಳಿ ವಿಲಾಕ್ ಕಾಲಿಗೇ ಬಿದ್ದು ಗೋಲಾಯಿತು. ಸಿಟಿ 4–3ರಿಂದ ಗೆದ್ದಿತು. 2022ರ ಮಾರ್ಚ್‌ನಲ್ಲಿ ಚಾಂಪಿಯನ್ಸ್ ಲೀಗಿನಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಎದುರು ಮೊದಲನೇ ಗೋಲ್‌ಕೀಪರ್ ಎಡರ್ಸನ್ ಬದಲಿಗೆ ಕೊನೆಯ ಹದಿನೇಳು ನಿಮಿಷ ಆಡಿದರು, ಗೋಲು ಬಿಡಲಿಲ್ಲ. ಅದಕ್ಕೆ ಮುಂಚೆ ಆ ಟೂರ್ನಿಯಲ್ಲಿ ಅವರು ಆಡಿದ್ದು 2005ರಲ್ಲಿ, ಯುವೆಂಟಸ್ ಎದುರು.

ಹಿಂಬದಿಯಲ್ಲಿ ನಿಂತವರ ಲೆಕ್ಕವನ್ನು ಲೋಕ ತಡವಾಗಿಯಾದರೂ ತಿದ್ದಿಕೊಂಡದ್ದುಂಟು. 1966ರ ವಿಶ್ವಕಪ್ ಗೆದ್ದ ಇಂಗ್ಲೆಂಡಿನಲ್ಲಿ ಪದಕ ಸಿಕ್ಕಿದ್ದು ಫೈನಲ್ ಆಡಿದ ಹನ್ನೊಂದು ಮಂದಿಗೆ ಮಾತ್ರ. ಗಾರ್ಡನ್ ಬ್ಯಾಂಕ್ಸ್ ಹಿಂದಿದ್ದ ಪೀಟರ್ ಬೊನೆಟ್ಟಿಗೆ ಅದು ತಲುಪಿದ್ದು 43 ವರ್ಷಗಳ ನಂತರ, 2009ರಲ್ಲಿ. 1990ರ ಎಫ್.ಎ. ಕಪ್ ಫೈನಲ್ 3–3ರಿಂದ ಸಮವಾದಾಗ ಮರುಪಂದ್ಯಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಮೊದಲನೇ ಗೋಲ್‌ಕೀಪರ್ ಜಿಮ್ ಲೇಟನ್ ಅವರನ್ನು ಕೈಬಿಟ್ಟು, ಲ್ಯೂಟನ್‌ನಿಂದ ಎರವಲು ಬಂದಿದ್ದ ಲೆಸ್ ಸೀಲಿ ಅವರನ್ನು ಆಡಿಸಿತು. ಗೆದ್ದ ಮೇಲೆ ಸೀಲಿ ತಮ್ಮ ಪದಕವನ್ನು ಲೇಟನ್‌ಗೇ ಕೊಡಲು ಹೋದರು, ಲೇಟನ್ ತೆಗೆದುಕೊಳ್ಳಲಿಲ್ಲ. ಬೆಂಚಿನ ಮರದ ಹಲಗೆ ಎಷ್ಟು ಗಟ್ಟಿ ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಊರಿನ ಓದುಗರಿಗೆ ಇದೇನೂ ದೂರದ ಮಾತಲ್ಲ. ಬೆಂಗಳೂರಿನ ಸೈಯದ್ ಕಿರ್ಮಾನಿ 1971ರಲ್ಲೂ 1974ರಲ್ಲೂ ಫಾರೂಕ್ ಎಂಜಿನಿಯರ್ ಅವರ ಹಿಂದಿನ ವಿಕೆಟ್‌ಕೀಪರ್ ಆಗಿ ಇಂಗ್ಲೆಂಡಿಗೆ ಹೋಗಿ ಒಂದೂ ಟೆಸ್ಟ್ ಆಡದೆ ಮರಳಿದವರು. ಮೊದಲ ಟೆಸ್ಟ್ 1976ರಲ್ಲಿ, ಒಟ್ಟು 88 ಟೆಸ್ಟ್‌ಗಳು. ಇನ್ನೂ ಹಿಂದೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 1–2ರಿಂದ ಸೋತ ಪಂದ್ಯದಲ್ಲಿ ಗೋಲಿನಲ್ಲಿದ್ದವರು ಮೈಸೂರು ತಂಡದ ಕೆ.ವಿ. ವರದರಾಜ್. ಅವರ ಹೆಸರು ಕೆಲವರಿಗಾದರೂ ನೆನಪಿದೆ. ಅದೇ ತಂಡದಲ್ಲಿದ್ದ ಎರಡನೇ ಗೋಲ್‌ಕೀಪರ್ ಸಂಜೀವ ಉಚ್ಚಿಲ್ ಅವರನ್ನು ನೆನೆಯುವವರು ಎಷ್ಟು ಮಂದಿ?

ಹೀಗಾಗಿ ನನ್ನದೊಂದು ಸಣ್ಣ ಕೋರಿಕೆ. ನಗರದ ಲೀಗ್ ಪಂದ್ಯಗಳ ವರದಿಯನ್ನು ನೀವು ನಾಲ್ಕು ಸಾಲಿನಲ್ಲಾದರೂ ಹಾಕುತ್ತೀರಿ, ಸಂತೋಷ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ ಬದಲಿ ಆಟಗಾರರ ಹೆಸರುಗಳನ್ನೂ ಅಚ್ಚು ಹಾಕಿಸಿ. ಏಳು ವರ್ಷಗಳಲ್ಲಿ ನಾನು ಲೀಗಿನಲ್ಲಿ ಇಳಿದದ್ದು ಮೂರು ಸಲ. ಮೊದಲ ಸಲ ಮಳೆ ಬಿದ್ದ ಮೈದಾನದಲ್ಲಿ ಅಣ್ಣನ ಬೆರಳು ಕೀಲು ತಪ್ಪಿದಾಗ. ಒಳಗೆ ಹೋಗಿ ತಿರುಗಿ ನೋಡಿದರೆ, ಬೆಂಚಿನಿಂದ ದಿನಾ ಕಾಣುತ್ತಿದ್ದ ಅದೇ ಗೋಲು ಕಲ್ಯಾಣಮಂಟಪದ ಬಾಗಿಲಿನಷ್ಟು ಅಗಲವಾಗಿತ್ತು. ಹತ್ತು ನಿಮಿಷದಲ್ಲಿ ಸುಲಭದ ಒಂದು ಗೋಲು ಬಿಟ್ಟೆ, ಎಡಗಡೆ ಕೆಳಗೆ ಬಂದ ಚೆಂಡಿಗೆ. ಮರುದಿನ ಪತ್ರಿಕೆಯೊಂದು ನಾನು ಇಳಿದ ವಿಷಯವನ್ನೇ ಬರೆಯದೆ, ‘ಗೋಲ್‌ಕೀಪರ್ ಎಡವಿದರು’ ಎಂದು ಅಣ್ಣನ ಹೆಸರು ಹಾಕಿತ್ತು. ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಅವನು ಆ ತುಣುಕನ್ನು ಕತ್ತರಿಸಿ ತಂದು ನನ್ನ ಕೈಗಿಟ್ಟ. “ತಗೋ, ಇದು ನಿಂದು” ಎಂದ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಾರ್ಖಾನೆ ನೌಕರ,
ಆಸ್ಟಿನ್ ಟೌನ್, ಬೆಂಗಳೂರು